ಬೀಗ ವಿಕ್ರೋಳಿಯದ್ದು, ಮನೆ ಊರಿನದ್ದು: ಮುಚ್ಚಿದ ಮನೆಗಳನ್ನು ನೋಡಿಕೊಂಡವರ ಚರಿತ್ರೆ

ಈ ಸಂಚಿಕೆಯ ವಿಷಯ ಕೇಳಿದರೆ "ಇದ್ರಲ್ಲಿ ಚರಿತ್ರೆ ಎಲ್ಲಿಂದ ಬಂತು?" ಅಂತ ಕೆಲವರು ಕೇಳಬಹುದು. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿದ್ದು, ಮೇ ತಿಂಗಳ ರಜೆಯಲ್ಲಿ ಮಾತ್ರ ಬಾಗಿಲು ತೆರೆಯುವ ಊರಿನ ಮನೆ. ಅದನ್ನು ಉಳಿದ ದಿನಗಳಲ್ಲಿ ಯಾರು ನೋಡಿಕೊಂಡರು, ಯಾಕೆ ನೋಡಿಕೊಂಡರು, ಅವರಿಗೆ ಏನು ಸಿಕ್ಕಿತು? ಇವತ್ತಿನ ಮಾತು ಇಷ್ಟೇ. ಆದರೆ ಈ ಸಣ್ಣ ಪ್ರಶ್ನೆಯ ಹಿಂದೆ ಹಂಚಿನ ಕಾರ್ಖಾನೆ ಉಂಟು, ಅಳಿಯಸಂತಾನದ ಕಾನೂನು ಉಂಟು, ದೇವರಾಜ ಅರಸರ ಭೂಸುಧಾರಣೆ ಉಂಟು, ಕೊಂಕಣ ರೈಲ್ವೆಯೂ ಉಂಟು.

ನಾನು ಮಾತಾಡ್ತಾ ಇರುವುದು ಮುಂಬೈಯ ವಿಕ್ರೋಳಿಯಿಂದ. ಇಲ್ಲಿ ಕನ್ನಂವಾರ್ ನಗರ, ಟಾಗೋರ್ ನಗರ, ಪಾರ್ಕ್‌ಸೈಟ್, ಯಾವ ಕಡೆ ಹೋದರೂ ದಕ್ಷಿಣ ಕನ್ನಡ, ಉಡುಪಿ ಕಡೆಯ ಒಂದಲ್ಲ ಒಂದು ಕುಟುಂಬ ಸಿಗುತ್ತದೆ. ಏಪ್ರಿಲ್ ಬಂತೆಂದರೆ ಇವರಲ್ಲಿ ಎರಡೇ ಮಾತು. ಒಂದು, "ಟಿಕೆಟ್ ಕನ್ಫರ್ಮ್ ಆಯ್ತಾ?" ಇನ್ನೊಂದು, "ಮನೆ ಗುಡಿಸಿ ಇಡ್ಲಿಕ್ಕೆ ಊರಲ್ಲಿ ಯಾರಿಗೆ ಹೇಳಿದ್ರಿ?" ಎರಡನೇ ಪ್ರಶ್ನೆಗೆ ನೂರು ವರ್ಷದಲ್ಲಿ ಉತ್ತರ ಹೇಗೆ ಬದಲಾಯಿತು ಅಂತ ನೋಡೋಣ.

ಬೀಗ ಹೋದದ್ದು ಎಲ್ಲಿಂದ?

ಮೊದಲು ಬೀಗದ ಕಥೆ. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಬೊಂಬಾಯಿಯ ಲಾಲ್‌ಬಾಗಿನಲ್ಲಿ ಬೀಗ ಮಾಡುವ ಕೆಲಸ ಶುರು ಮಾಡಿದರು. ಅವರ ತಮ್ಮ ಪಿರೋಜ್‌ಶಾ 1940ರ ದಶಕದ ಆರಂಭದಲ್ಲಿ ಹೈಕೋರ್ಟಿನ ಹರಾಜಿನಲ್ಲಿ ವಿಕ್ರೋಳಿಯ ದೊಡ್ಡ ಜಾಗ ಕೊಂಡರು. ಆಗ ಇದು ಠಾಣೆ ಖಾಡಿಯ ದಡದ ಜೌಗು, ಕಾಂಡ್ಲಾ ಕಾಡು. ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿ ಕಾರ್ಖಾನೆಗಳು ಎದ್ದವು. 1951-52ರ ಮೊದಲ ಮಹಾಚುನಾವಣೆಗೆ 12 ಲಕ್ಷಕ್ಕೂ ಹೆಚ್ಚು ಮತಪೆಟ್ಟಿಗೆಗಳು ಈ ವಿಕ್ರೋಳಿಯಲ್ಲಿ ತಯಾರಾದವು. ಕಪಾಟು, ತಿಜೋರಿ, ಬೀಗ ಇಲ್ಲಿಂದ ದೇಶಕ್ಕೆಲ್ಲ ಹೋದವು.

ಊರಿಗೆ ಹೊರಟ ಬೊಂಬಾಯಿಯವನ ಟ್ರಂಕಿನಲ್ಲಿ ಬಟ್ಟೆ, ಹಲ್ವದ ಜೊತೆ ಒಂದು ಗೋದ್ರೆಜ್ ಬೀಗವೂ ಇರುತ್ತಿತ್ತು. ಊರಿನ ಬಾಗಿಲಿಗೆ ಹಾಕ್ಲಿಕ್ಕೆ. ಅಂದ್ರೆ ಮನೆ ಕಟ್ಟಿದ ದುಡ್ಡೂ ಇಲ್ಲಿಯದ್ದು, ಅದನ್ನು ಮುಚ್ಚಿದ ಬೀಗವೂ ಇಲ್ಲಿಯದ್ದು. ಆದರೆ ನಾನು ಇವತ್ತು ಹೇಳ್ಬೇಕು ಅಂತಿರುವುದು ಒಂದೇ ಮಾತು: ಆ ಮನೆಗಳನ್ನು ಉಳಿಸಿದ್ದು ಬೀಗ ಅಲ್ಲ. ಯಾವ ದಾಖಲೆಯಲ್ಲೂ ಹೆಸರಿಲ್ಲದ ಒಬ್ಬ ಮನುಷ್ಯ.

ಹಂಚು ಬಂದ ಮೇಲೆ ಹೊರಡುವ ಧೈರ್ಯ ಬಂತು

ಹಿಂದಿನ ಕಾಲದಲ್ಲಿ ಮನೆಯನ್ನು ಖಾಲಿ ಬಿಡುವುದು ಸಾಧ್ಯವೇ ಇರಲಿಲ್ಲ. ಯಾಕೆಂದರೆ ಮಾಡು ಮುಳಿಹುಲ್ಲಿನದ್ದು. ಹೆಚ್ಚಿನ ಕಡೆ ವರ್ಷ ವರ್ಷ ಹುಲ್ಲು ಹೊದೆಸಬೇಕು. ಎರಡು ಮಳೆಗಾಲ ಯಾರೂ ನೋಡದಿದ್ದರೆ ಮಾಡು ಕುಸಿದು, ಮಣ್ಣಿನ ಗೋಡೆ ಕರಗಿ, ಮನೆ ಮತ್ತೆ ಗುಡ್ಡೆಯೇ ಆಗುತ್ತಿತ್ತು. ಕರಾವಳಿಯ ಮಳೆ ಅಂದ್ರೆ ಗೊತ್ತಲ್ಲ, ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ. ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರಿನ ಒಳಗೆ.

1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ಒಂದಕ್ಕೊಂದು ಕೊಕ್ಕೆ ಹಾಕಿ ಕೂರುವ ಆ ಮಂಗಳೂರು ಹಂಚು ಮುಂದೆ ನಿಧಾನಕ್ಕೆ ಹಳ್ಳಿಗಳ ಅನುಕೂಲಸ್ಥರ ಮನೆಗೂ ಬಂತು. ಬೊಂಬಾಯಿಯಿಂದ ಬಂದ ಮನಿಯಾರ್ಡರಿನ ಮೊದಲ ಕೆಲಸ ಸಾಲ ತೀರಿಸುವುದಾದರೆ, ಎರಡನೇ ಕೆಲಸ ಹೆಚ್ಚಾಗಿ ಇದೇ: ಹುಲ್ಲಿನ ಮಾಡು ತೆಗೆದು ಹಂಚು ಹಾಕಿಸುವುದು. ಹಂಚು ಇದ್ದರೆ ವರ್ಷ ವರ್ಷ ಹೊದೆಸುವ ಕೆಲಸ ಇಲ್ಲ. ಬೀಗ ಹಾಕಿ ಹೋಗುವ ಧೈರ್ಯ ಬಂದದ್ದು ಇದರಿಂದ.

ಆದರೆ ಹಂಚು ಅರ್ಧ ಮಾತ್ರ ಕಾಪಾಡುತ್ತದೆ. ಒಂದು ತೆಂಗಿನಕಾಯಿ ಬಿದ್ದು, ಇಲ್ಲಾ ಒಂದು ಮಂಗ ಹಾರಿ ಒಂದೇ ಒಂದು ಹಂಚು ಸರಿಯಿತು ಅಂತಿಟ್ಟುಕೊಳ್ಳಿ. ಅಲ್ಲಿಂದ ನೀರು ರೀಪಿಗೆ, ರೀಪಿನಿಂದ ಪಕ್ಕಾಸಿಗೆ. ಒದ್ದೆ ಮರಕ್ಕೆ ಗೆದ್ದಲು. ಮೂರನೇ ಮಳೆಗಾಲಕ್ಕೆ ಆ ಮೂಲೆ ಕೂತುಬಿಡುತ್ತದೆ. ಮನೆಯಲ್ಲಿ ಜನ ಇದ್ದರೆ ಮೊದಲ ಹನಿ ತಲೆ ಮೇಲೆ ಬಿದ್ದ ಕೂಡ್ಲೇ ಗೊತ್ತಾಗ್ತದೆ. ಬೀಗ ಹಾಕಿದ ಮನೆಯಲ್ಲಿ ಗೊತ್ತಾಗುವುದು ಮುಂದಿನ ಮೇ ತಿಂಗಳಲ್ಲಿ.

ಇನ್ನೊಂದು ಒಲೆಯ ವಿಷಯ. ದಿನಾ ಸೌದೆ ಒಲೆ ಉರಿಯುವ ಮನೆಯಲ್ಲಿ ಹೊಗೆ ಅಟ್ಟಕ್ಕೆ ಏರಿ ಮರವನ್ನು ಒಣಗಿಸಿ ಇಡುತ್ತದೆ, ಹುಳ ಹತ್ತಿರ ಬರುವುದು ಕಡಿಮೆ. ಒಲೆ ಆರಿದರೆ ಮರಕ್ಕೆ ಆ ರಕ್ಷಣೆ ಇಲ್ಲ. ಸೆಗಣಿ ಸಾರಿಸದ ನೆಲ ಬಿರುಕು ಬಿಡುತ್ತದೆ. ನೀರು ಸೇದದ ಬಾವಿಯಲ್ಲಿ ಎಲೆ ಕೊಳೆಯುತ್ತದೆ. ಹಾಗಾಗಿ ಮನೆ ನೋಡಿಕೊಳ್ಳುವುದು ಅಂದರೆ ಕಳ್ಳರನ್ನು ಕಾಯುವುದಲ್ಲ. ಮಳೆಗೆ ಮೊದಲು ಹಂಚು ಕೈಯಾಡಿಸುವುದು, ಗಾಳಿಮಳೆ ಬಡಿಯುವ ಬದಿಗೆ ಮಡಲಿನ ತಟ್ಟಿ ಕಟ್ಟುವುದು, ಅಂಗಳದ ನೀರು ಹೋಗುವ ದಾರಿ ಬಿಡಿಸುವುದು, ವಾರಕ್ಕೊಮ್ಮೆ ಕಿಟಕಿ ತೆರೆಯುವುದು, ಆಗಾಗ ಒಲೆಗೆ ಬೆಂಕಿ ಹಾಕುವುದು. ಇದೆಲ್ಲ ಬೀಗ ಮಾಡುವ ಕೆಲಸ ಅಲ್ಲ.

ಆಗ ಮನೆ ಖಾಲಿ ಇರಲಿಲ್ಲ

ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಕರಾವಳಿಯ ಜನ ದೊಡ್ಡ ಸಂಖ್ಯೆಯಲ್ಲಿ ಬೊಂಬಾಯಿಗೆ ಬಂದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಇಲ್ಲಿ ಶುರುವಾಯಿತು, ಬಂಟರ ಸಂಘ 1927ರಲ್ಲಿ. ಅಂದ್ರೆ ಆ ಹೊತ್ತಿಗೆ ಸಂಘ ಕಟ್ಟುವಷ್ಟು ಜನ ಇಲ್ಲಿದ್ದರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿ. ಊರಿಗೆ ಹೋಗುವ ದಾರಿ ಒಂದೋ ಹಡಗು, ಇಲ್ಲಾ ಘಟ್ಟ ಸುತ್ತಿ ಹೋಗುವುದು. ಮಳೆಗಾಲದಲ್ಲಿ ಹಡಗೂ ಇಲ್ಲ. ಬಂದವನು ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೋದರೆ ಹೆಚ್ಚು.

ಆದರೂ ಊರಿನ ಮನೆಗಳು ನಿಂತವು. ಯಾಕೆ? ಅವು ಖಾಲಿ ಇರಲಿಲ್ಲ. ಅಲ್ಲಿ ಹೆಂಗಸರಿದ್ದರು.

ಬಂಟರು, ಬಿಲ್ಲವರು, ಮೊಗವೀರರು ಮತ್ತೆ ಇನ್ನೂ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ. ಆಸ್ತಿ ಹೆಣ್ಣಿನ ಸಂತತಿಯ ಮೂಲಕ ಇಳಿಯುತ್ತದೆ. ಕುಟುಂಬದ ಮನೆ ಯಾರೊಬ್ಬನದ್ದೂ ಅಲ್ಲ, ಇಡೀ ಕುಟುಂಬದ್ದು. ಯಜಮಾನ ಇರಬಹುದು, ಯಜಮಾನತಿಯೂ ಇರಬಹುದು. ಒಬ್ಬ ಸದಸ್ಯ ಎದ್ದು "ನನ್ನ ಪಾಲು ಕೊಡಿ" ಅಂತ ಒತ್ತಾಯ ಮಾಡಿ ಪಾಲು ತೆಗೆದುಕೊಳ್ಳುವ ಹಾಗೆ ಇರಲಿಲ್ಲ. ಗಂಡಸು ಬೊಂಬಾಯಿಯಲ್ಲಿ ಹೋಟೆಲಿನ ಗಲ್ಲೆಯಲ್ಲೋ ಮಿಲ್ಲಿನಲ್ಲೋ ಇದ್ದ. ಊರಿನಲ್ಲಿ ಅವನ ಅಕ್ಕ, ದೊಡ್ಡಮ್ಮ, ಅಜ್ಜಿ. ಹಂಚಿಗೆ ಆಳು ಕರೆಸಿದವರು ಅವರು, ಒಲೆ ಉರಿಸಿದವರು ಅವರು, ದೈವದ ಕೋಣೆಗೆ ಸಂಕ್ರಮಣದ ದೀಪ ಇಟ್ಟವರೂ ಅವರ ಮನೆಯವರೇ.

ದೈವದ ಮಾತು ಬಂತಲ್ಲ, ಅದನ್ನು ಬರೇ ನಂಬಿಕೆ ಅಂತ ಬಿಟ್ಟುಬಿಡಬೇಡಿ. ಚರಿತ್ರೆಯ ಕಣ್ಣಲ್ಲಿ ನೋಡಿದರೆ ಅದು ಮನೆ ನೋಡಿಕೊಳ್ಳುವ ವೇಳಾಪಟ್ಟಿಯೂ ಹೌದು. ತಿಂಗಳ ಸಂಕ್ರಮಣಕ್ಕೆ ದೀಪ ಇಡ್ಬೇಕಾದರೆ ತಿಂಗಳಿಗೊಮ್ಮೆ ಬಾಗಿಲು ತೆರೆಯಲೇಬೇಕು, ಗುಡಿಸಲೇಬೇಕು, ಸೋರಿದ್ದು ಕಣ್ಣಿಗೆ ಬೀಳಲೇಬೇಕು. ವರ್ಷದ ತಂಬಿಲ, ನೇಮಕ್ಕೆ ಚದುರಿದ ಕುಟುಂಬ ಎಲ್ಲ ಸೇರಬೇಕು. ಆ ಹಂಗಾಮು ಮುಗಿಯುವುದು ಪತ್ತನಾಜೆಗೆ, ಅಂದ್ರೆ ಮೇ 24-25ರ ಹೊತ್ತಿಗೆ. ಅದಾಗಿ ಸ್ವಲ್ಪ ದಿನಕ್ಕೆ ಮಳೆ. ಹಂಚು ಕೈಯಾಡಿಸುವುದೂ ಅದೇ ದಿನಗಳಲ್ಲಿ. ಬೊಂಬಾಯಿಯ ಶಾಲೆಗಳ ರಜೆಯೂ ಅದೇ ದಿನಗಳಲ್ಲಿ ಬಿತ್ತು. ರಜೆ, ನೇಮ, ರಿಪೇರಿ ಮೂರೂ ಒಟ್ಟಿಗೆ.

1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂತು. ಅದರಿಂದ ಕುಟುಂಬದ ಒಂದೊಂದು ಕವರು, ಅಂದ್ರೆ ಒಂದೊಂದು ಹೆಣ್ಣಿನ ಶಾಖೆ, ಪಾಲು ಕೇಳುವ ಹಕ್ಕು ಪಡೆಯಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ. ಗದ್ದೆ ಭಾಗವಾಯಿತು, ತೋಟ ಭಾಗವಾಯಿತು. ಆದರೆ ಎಷ್ಟೋ ಕಡೆ ಮೂಲದ ಮನೆ ಹಾಗೇ ಉಳಿಯಿತು. ದೈವ ಇದ್ದ ಮನೆಯನ್ನು ತುಂಡು ಮಾಡ್ಲಿಕ್ಕೆ ಯಾರಿಗೂ ಮನಸ್ಸಿಲ್ಲ. ಹೀಗೆ ಎಲ್ಲರದ್ದೂ ಆದ ಮನೆ ಯಾರೂ ಹೊಣೆ ಹೊರದ ಮನೆ ಆಗುವ ಹಾದಿ ಶುರುವಾಯಿತು. ಕೊನೆಯ ಅಜ್ಜಿ ಇರುವ ತನಕ ಅದು ಕಾಣಲಿಲ್ಲ. ಅಜ್ಜಿ ಹೋದ ವರ್ಷ ಕಂಡಿತು.

ಒಕ್ಕಲಿನವನು, ಮತ್ತೆ 1974

ಮನೆಯ ಹೊರಗೆ ಇನ್ನೊಬ್ಬ ಇದ್ದ: ಒಕ್ಕಲಿನವನು. ದಕ್ಷಿಣ ಕನ್ನಡದಲ್ಲಿ ಗೇಣಿ ಸಾಗುವಳಿ ತುಂಬಾ ಜಾಸ್ತಿ. ಮೂಲಗೇಣಿ ಅಂದರೆ ಶಾಶ್ವತ ಹಕ್ಕಿನದ್ದು. ಚಾಲಗೇಣಿ ಅಂದರೆ ಒಡೆಯ ಬೇಡ ಅಂದರೆ ಬಿಡಬೇಕಾದದ್ದು. ಒಡೆಯ ಬೊಂಬಾಯಿಯಲ್ಲಿ ಇದ್ದಾಗ ಗದ್ದೆ ಮಾಡಿದವನು ಚಾಲಗೇಣಿ ಒಕ್ಕಲು. ಅವನಿಗೆ ಗೇಣಿಯ ಜೊತೆ ಬರೆಯದ ಕೆಲಸ ಬೇಕಾದಷ್ಟು ಇತ್ತು. ಒಡೆಯನ ಮನೆಯ ಅಂಗಳ ಕೆತ್ತಬೇಕು, ತಟ್ಟಿ ಕಟ್ಟಬೇಕು, ತೆಂಗಿನಕಾಯಿ ಕೀಳಿಸಿ ಇಡಬೇಕು, ಒಡೆಯ ಬಂದಾಗ ಬಾವಿ ಕಲಕಿ ಕೊಡಬೇಕು. ಇದಕ್ಕೆ ಕೂಲಿ ಇಲ್ಲ, ಕೂಲಿ ಕೇಳುವ ಧೈರ್ಯವೂ ಇಲ್ಲ. ಒಕ್ಕಲು ಎಬ್ಬಿಸುತ್ತಾರೆ ಅನ್ನುವ ಹೆದರಿಕೆಯೇ ಆ ಕಾಲದ ಮನೆ ನೋಡಿಕೊಳ್ಳುವ ಕರಾರು. ಅಕ್ಕರೆಯೂ ಇತ್ತು, ಇರಲಿಲ್ಲ ಅಂತ ಅಲ್ಲ. ಆದರೆ ಅಕ್ಕರೆಯ ಅಡಿಯಲ್ಲಿ ಈ ಹೆದರಿಕೆ ಇತ್ತು ಅನ್ನುವುದನ್ನು ಮರೆತರೆ ಮುಂದಿನದ್ದು ಅರ್ಥ ಆಗುವುದಿಲ್ಲ.

ಕರ್ನಾಟಕ ಭೂಸುಧಾರಣಾ ಕಾಯಿದೆ 1961ರದ್ದು. ಅದಕ್ಕೆ ಹಲ್ಲು ಬಂದದ್ದು ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರಕಾರಕ್ಕೆ ಸೇರಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ನಮ್ಮ ಕಡೆ ಇದನ್ನು "ಡಿಕ್ಲರೇಶನ್ ಕೊಡುವುದು" ಅಂತಲೇ ಹೇಳ್ತಾರೆ. ಕೊನೆಯ ದಿನ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಇದೇ ಕಾಯಿದೆಯ 38ನೇ ಕಲಮಿನಲ್ಲಿ, ಬೇರೆಯವರ ಜಾಗದಲ್ಲಿ ಮನೆ ಕಟ್ಟಿ ಕೂತ ಕೃಷಿಕಾರ್ಮಿಕನಿಗೆ ಆ ಮನೆಯ ಅಡಿಸ್ಥಳದ ಹಕ್ಕೂ ಸಿಕ್ಕಿತು.

ಇದು ನ್ಯಾಯವೇ. ತಲೆಮಾರುಗಟ್ಟಲೆ ಗದ್ದೆ ಉತ್ತವನಿಗೆ ಗದ್ದೆ ಸಿಕ್ಕಿತು. ಅದರ ಜೊತೆಗೆ ಹೇಳಬೇಕಾದ ಮಾತೂ ಉಂಟು. ಸಾವಿರ ಮುಡಿ ಗೇಣಿಯ ದೊಡ್ಡ ಒಡೆಯನಿಗೂ, ಬೊಂಬಾಯಿಯಲ್ಲಿ ಹೋಟೆಲ್ ಕೆಲಸ ಮಾಡುತ್ತಾ ಎರಡು ಗದ್ದೆ ಗೇಣಿಗೆ ಬಿಟ್ಟವನಿಗೂ, ಗಂಡ ಇಲ್ಲದ ಹೆಂಗಸಿಗೂ ಕಾನೂನು ಹೆಚ್ಚು ವ್ಯತ್ಯಾಸ ಮಾಡಲಿಲ್ಲ. ಬಿಟ್ಟು ಹೋದವನು ಕಳಕೊಂಡ, ಇದ್ದು ದುಡಿದವನು ಪಡಕೊಂಡ.

ಆದರೆ ಒಡೆಯನ ಮನೆ ಏನಾಯಿತು? ಅದು ಗೇಣಿಯಲ್ಲಿ ಸೇರಿರಲಿಲ್ಲ, ಒಡೆಯನಿಗೇ ಉಳಿಯಿತು. ಸುತ್ತಲಿನ ಗದ್ದೆ ಒಕ್ಕಲಿನವನದ್ದಾಯಿತು, ನಡುವೆ ಬೀಗ ಹಾಕಿದ ಮನೆ ಬೊಂಬಾಯಿಯವನದ್ದು. ನಿನ್ನೆ ತನಕ ಬಿಟ್ಟಿಯಾಗಿ ಅಂಗಳ ಕೆತ್ತುತ್ತಿದ್ದವನಿಗೆ ಇವತ್ತು ಕೆತ್ತುವ ಹಂಗಿಲ್ಲ. ಕೋರ್ಟಿನಲ್ಲಿ ಎದುರೆದುರು ನಿಂತ ಮೇಲೆ ಮುಖ ಕೊಟ್ಟು ಮಾತಾಡುವುದೂ ಕಷ್ಟ. ಅದಕ್ಕಿಂತ ದೊಡ್ಡದು, ಬೊಂಬಾಯಿಯವರ ತಲೆಯಲ್ಲಿ ಒಂದು ಹೆದರಿಕೆ ಕೂತಿತು: "ಯಾರನ್ನಾದರೂ ಮನೆಯಲ್ಲಿ ಇರ್ಲಿಕ್ಕೆ ಬಿಟ್ಟರೆ ಮನೆ ಅವರದ್ದೇ ಆಗ್ತದೆ." ಹಾಗಾಗಿ ಕೊಟ್ಟಿಗೆಯಲ್ಲಿ ಇರುತ್ತಿದ್ದ ಕುಟುಂಬವನ್ನು ಕಳುಹಿಸಿದರು. ಪಕ್ಕದ ಕೋಣೆ ಯಾರಿಗೂ ಕೊಡಲಿಲ್ಲ. ಹೆದರಿಕೆಯ ಕರಾರು ತಿರುಗಿ ಒಡೆಯನ ಕಡೆಗೇ ಬಂತು. ಆಗ ಬಂತು ನೋಡಿ ವಿಕ್ರೋಳಿಯ ಬೀಗಕ್ಕೆ ನಿಜವಾದ ಬೆಲೆ. ಹಂಚಿನ ಮನೆಗಳು ಬೀಳ್ಲಿಕ್ಕೆ ಶುರುವಾದದ್ದೂ ಆ ಬೀಗದ ಹಿಂದೆಯೇ.

ಅಲ್ಲಿ ಒಡೆಯ, ಇಲ್ಲಿ ಬಾಡಿಗೆದಾರ

ಇದರಲ್ಲಿ ಒಂದು ತಮಾಷೆ ಉಂಟು. ಊರಲ್ಲಿ ಗೇಣಿದಾರನ ಕಾನೂನಿಗೆ ಬೈಯುತ್ತಿದ್ದ ಎಷ್ಟೋ ಜನ ಮುಂಬೈಯಲ್ಲಿ ತಾವೇ ಬಾಡಿಗೆದಾರರು. ಅವರನ್ನು ಕಾಪಾಡುತ್ತಿದ್ದದ್ದು 1947ರ ಬೊಂಬಾಯಿ ಬಾಡಿಗೆ ಕಾಯಿದೆ. ಚಾಳಿನ ಕೋಣೆಯ ಬಾಡಿಗೆ ಏರುವಂತಿಲ್ಲ, ಸುಮ್ಮನೆ ಎಬ್ಬಿಸುವಂತಿಲ್ಲ. ಆದರೆ ಅದಕ್ಕೊಂದು ಷರತ್ತು. ಸರಿಯಾದ ಕಾರಣ ಇಲ್ಲದೆ 6 ತಿಂಗಳು ಎಡೆಬಿಡದೆ ಕೋಣೆ ಬಳಸದೆ ಇಟ್ಟರೆ ಮಾಲಕ ಕೋರ್ಟಿಗೆ ಹೋಗಿ ಬಿಡಿಸಿಕೊಳ್ಳಬಹುದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲೂ ಈ 6 ತಿಂಗಳ ಮಾತು ಮುಂದುವರಿಯಿತು.

ಇದರ ಅರ್ಥ ನೋಡಿ. ಹತ್ತು ಅಡಿಗೆ ಹನ್ನೆರಡು ಅಡಿಯ ಮುಂಬೈ ಕೋಣೆಯನ್ನು ಖಾಲಿ ಬಿಡುವಂತಿಲ್ಲ. ಹತ್ತು ಕೋಣೆಯ ಊರಿನ ಮನೆಯಲ್ಲಿ ಯಾರನ್ನೂ ಇಡುವಂತಿಲ್ಲ, ಹೆದರಿಕೆ. ರಿಟೈರ್ ಆದ ಮೇಲೆ ಅಪ್ಪ ಅಮ್ಮ ಊರಿಗೆ ಹೋಗಿ ಕೂರ್ತಾರೆ ಅಂತ ಲೆಕ್ಕ ಹಾಕಿದರೆ, ಮಕ್ಕಳಿಗೆ ಕೆಲಸ ಇಲ್ಲಿ, ಮೊಮ್ಮಕ್ಕಳ ಶಾಲೆ ಇಲ್ಲಿ. ಒಂದೇ ಕೋಣೆಯಲ್ಲಿ ಆರು ಜನ ಮಲಗಿದರು. ಊರಿನ ಚಾವಡಿಯಲ್ಲಿ ಬಾವಲಿ ಮಲಗಿತು.

ರೈಲು, ಟೆರೇಸು, ಕ್ಯಾಮೆರಾ

1998ರ ಜನವರಿ 26ಕ್ಕೆ ಕೊಂಕಣ ರೈಲ್ವೆಯ 741 ಕಿಲೋಮೀಟರ್ ದಾರಿ ಪೂರ್ತಿಯಾಗಿ ತೆರೆಯಿತು. ಮತ್ಸ್ಯಗಂಧ ಬಂತು. ವಿಕ್ರೋಳಿಯವರಿಗೆ ಒಂದು ಕಡೆ ಕುರ್ಲಾ, ಇನ್ನೊಂದು ಕಡೆ ಠಾಣೆ, ಎರಡೂ ಹತ್ತಿರ. ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಕು ಹರಿಯುವಾಗ ಊರು. ಮನೆಗೆ ಹೋಗುವುದು ಸುಲಭ ಆಯಿತು. ಆದರೆ ಊರು ಹತ್ತಿರ ಆದಷ್ಟು ಅಲ್ಲಿ ಇರುವ ದಿನ ಕಡಿಮೆಯಾಯಿತು. ಒಂದೂವರೆ ತಿಂಗಳ ರಜೆ ಹೋಗಿ ಹತ್ತು ದಿನ, ಮತ್ತೆ ನೇಮಕ್ಕೆ ಎರಡು ದಿನ. ಹಂಚು ಕೈಯಾಡಿಸ್ಲಿಕ್ಕೆ ಎರಡು ದಿನ ಸಾಲುವುದಿಲ್ಲ.

ಹಳೆಯ ಮನೆ ಕೆಡವಿ ಟೆರೇಸಿನ ಮನೆ ಕಟ್ಟಿದವರು ಬಹಳ. ಇನ್ನು ಹಂಚಿನ ರಗಳೆ ಇಲ್ಲ ಅಂದುಕೊಂಡರು. ಆದರೆ ಟೆರೇಸಿನ ಪೈಪಿಗೆ ನಾಲ್ಕು ಮಾವಿನೆಲೆ ಸಿಕ್ಕಿದರೂ ಸಾಕು, ನೀರು ನಿಂತು ಸ್ಲ್ಯಾಬಿಗೆ ಇಳಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮುಚ್ಚಿದ ಮನೆಯ ಗೋಡೆಗೆ ಬೂಸಲು. ಈಗ ಜಗಲಿಯಲ್ಲಿ ಕ್ಯಾಮೆರಾ ಉಂಟು, ವಿಕ್ರೋಳಿಯಲ್ಲಿ ಕೂತು ಮೊಬೈಲಿನಲ್ಲಿ ಅಂಗಳ ನೋಡಬಹುದು. ಹುಲ್ಲು ಬೆಳೆಯುವುದು ಚೆನ್ನಾಗಿ ಕಾಣ್ತದೆ. ಕೆತ್ತುವವರು ಬೇಕಲ್ಲ?

ಇವತ್ತು ಹೆಚ್ಚಿನ ಕಡೆ ಆ ಕೆಲಸ ಮಾಡುವವರು ಪಕ್ಕದ ಮನೆಯ ಒಬ್ಬ ಅಕ್ಕ. ಬೀಗದ ಕೈ ಅವರ ಹತ್ತಿರ. ಸಂಕ್ರಮಣಕ್ಕೆ ದೀಪ ಅವರೇ ಇಡುತ್ತಾರೆ, ಕರೆಂಟ್ ಬಿಲ್ ಅವರೇ ಕಟ್ಟುತ್ತಾರೆ, ಮಳೆಗಾಳಿ ಬಂದ ರಾತ್ರಿ ಟಾರ್ಚು ಹಿಡಿದು ಹೋಗಿ ನೋಡಿ ಬರುತ್ತಾರೆ. ಕೊಡುವುದು ಏನು? ಮೇ ತಿಂಗಳಲ್ಲಿ ಒಂದು ಸೀರೆ, ಒಂದು ಪೊಟ್ಟಣ ಹಲ್ವ, ಕೈಗೆ ಇಷ್ಟು ಅಂತ ಸ್ವಲ್ಪ ಹಣ. "ಅವರು ನಮ್ಮವರೇ ಅಲ್ವಾ, ಹಣ ಕೊಟ್ಟರೆ ಬೇಜಾರು ಮಾಡಿಕೊಳ್ತಾರೆ" ಅಂತ ನಾವು ಹೇಳ್ತೇವೆ. ಚಾಲಗೇಣಿಯ ಕಾಲದಲ್ಲೂ ಒಡೆಯರು ಇದೇ ಮಾತು ಹೇಳುತ್ತಿದ್ದರಲ್ಲ?

ದಾಖಲೆಯಲ್ಲಿ ಇಲ್ಲದ ಕಾಲಂ

ಪಹಣಿ ತೆಗೆದು ನೋಡಿ. ಒಡೆಯನ ಹೆಸರಿಗೆ 9ನೇ ಕಾಲಂ ಉಂಟು, ಸಾಗುವಳಿ ಮಾಡುವವನಿಗೆ 12ನೇ ಕಾಲಂ ಉಂಟು. ದೀಪ ಇಟ್ಟವಳಿಗೆ, ಹಂಚು ಸರಿ ಮಾಡಿಸಿದವಳಿಗೆ ಕಾಲಂ ಇಲ್ಲ. ನೂರು ವರ್ಷದ ಈ ಚರಿತ್ರೆಯಲ್ಲಿ ಅಕ್ಕ, ಅಜ್ಜಿ, ಒಕ್ಕಲು, ಪಕ್ಕದ ಮನೆಯವರು, ಯಾರೂ ದಾಖಲೆಗೆ ಬರಲಿಲ್ಲ. ಒಕ್ಕಲಿನವನೊಬ್ಬ ಬಂದ, ಅವನೂ ಗದ್ದೆ ಉತ್ತದ್ದಕ್ಕೆ ಬಂದದ್ದು, ಮನೆ ನೋಡಿಕೊಂಡದ್ದಕ್ಕೆ ಅಲ್ಲ.

ಹಳೆಯ ಹೆದರಿಕೆಗೆ ಈಗ ಕಾರಣ ಉಂಟಾ ಅಂತಲೂ ನೋಡಬೇಕು. 1974ರ ನಂತರ, ಕೆಲವು ವಿನಾಯಿತಿ ಬಿಟ್ಟರೆ, ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೇ ಕಾನೂನಿನಲ್ಲಿ ಅವಕಾಶ ಇಲ್ಲ. ಮನೆಯ ವಿಷಯದಲ್ಲಿ 12 ವರ್ಷ ಕೂತರೆ ಮನೆ ಅವರದ್ದು ಅನ್ನುವ ಮಾತು ಚಾಲ್ತಿಯಲ್ಲಿ ಉಂಟು. ಆದರೆ ಆ 12 ವರ್ಷದ ಲೆಕ್ಕ ಒಡೆಯನ ಹಕ್ಕನ್ನು ಧಿಕ್ಕರಿಸಿ ಕೂತವನಿಗೆ, ಅನುಮತಿ ಪಡೆದು ಇರುವವನಿಗಲ್ಲ. ಗೋವಾದ ಒಂದು ಮನೆ. ಒಡತಿ ದೂರದಲ್ಲಿದ್ದಾಗ ಮನೆಯಲ್ಲಿ ಇರ್ಲಿಕ್ಕೆ ಬಿಟ್ಟದ್ದು ಸ್ವಂತ ಸಹೋದರನನ್ನೇ. ಆ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 2012ರಲ್ಲಿ ಕೋರ್ಟು ಸ್ಪಷ್ಟವಾಗಿ ಹೇಳಿತು: ನೋಡಿಕೊಳ್ಳುವವನು, ಕಾವಲುಗಾರ, ಕೆಲಸದವನು ಎಷ್ಟು ವರ್ಷ ಇದ್ದರೂ ಅದರಿಂದಲೇ ಆಸ್ತಿಯ ಹಕ್ಕು ಬರುವುದಿಲ್ಲ. ಹಾಗಂತ ಬಾಯಿಮಾತಿನಲ್ಲೇ ಬಿಡಬೇಡಿ. ಇರ್ಲಿಕ್ಕೆ ಯಾಕೆ ಕೊಟ್ಟದ್ದು, ತಿಂಗಳಿಗೆ ಏನು ಕೊಡುತ್ತೀರಿ ಅಂತ ಒಂದು ಕಾಗದ ಮಾಡಿಸಿ. ಮನೆಯ ತೆರಿಗೆ, ಕರೆಂಟು ನಿಮ್ಮ ಹೆಸರಲ್ಲೇ ಇರಲಿ. ಆ ಕಾಗದ ನಿಮ್ಮನ್ನೂ ಕಾಪಾಡುತ್ತದೆ, ಅವರನ್ನೂ ಕಾಪಾಡುತ್ತದೆ.

ಚರಿತ್ರೆಯಿಂದ ನನಗೆ ಕಾಣುವುದು ಇಷ್ಟು. ಹುಲ್ಲಿನ ಮನೆಗೆ ಜನ ಬೇಕಿತ್ತು, ಹಂಚಿನ ಮನೆಗೆ ಬೇಕಿತ್ತು, ಟೆರೇಸಿನ ಮನೆಗೂ ಬೇಕು. ಮೊದಲು ಆ ಜನರನ್ನು ಕುಟುಂಬದ ಕಟ್ಟು ಹಿಡಿದಿಟ್ಟಿತು, ಆಮೇಲೆ ಒಕ್ಕಲು ಹೋಗುವ ಹೆದರಿಕೆ, ಈಗ ದಾಕ್ಷಿಣ್ಯ. ಮೊದಲಿನ ಎರಡೂ ಮುಗಿದವು. ದಾಕ್ಷಿಣ್ಯವೂ ಹೆಚ್ಚು ಕಾಲ ಬಾಳುವುದಿಲ್ಲ, ಯಾಕೆಂದರೆ ಆ ಅಕ್ಕನ ಮಕ್ಕಳೂ ಈಗ ಬೆಂಗಳೂರಲ್ಲೋ ದುಬೈಯಲ್ಲೋ ಇದ್ದಾರೆ. ಉಳಿದದ್ದು ಒಂದೇ ದಾರಿ: ಅದನ್ನು ಕೆಲಸ ಅಂತ ಒಪ್ಪಿಕೊಂಡು ತಿಂಗಳ ಸಂಬಳ ಕೊಡುವುದು. ಮುಂಬೈಯಲ್ಲಿ ಸೊಸೈಟಿಯ ವಾಚ್‌ಮನ್‌ಗೆ ಮೆಂಟೆನೆನ್ಸ್ ಅಂತ ತಪ್ಪದೆ ಕೊಡ್ತೇವಲ್ಲ, ಹಾಗೆ. ಕುಟುಂಬದ ಮನೆಯಾದರೆ ಎಲ್ಲ ಕವರಿನವರೂ ಸೇರಿ ಒಂದು ಬ್ಯಾಂಕ್ ಖಾತೆ ಮಾಡಿ. ನೇಮಕ್ಕೆ ಹಣ ಒಟ್ಟು ಮಾಡ್ಲಿಕ್ಕೆ ಹೇಗೂ ವಾಟ್ಸಾಪ್ ಗುಂಪು ಉಂಟು, ಅದರಲ್ಲೇ ಇದನ್ನೂ ಸೇರಿಸಬಹುದು.

ನಿಮ್ಮ ಊರಿನ ಮನೆಯ ಬೀಗದ ಕೈ ಈಗ ಯಾರ ಹತ್ತಿರ ಉಂಟು? ಈ ಸಲ ಊರಿಗೆ ಹೋದಾಗ ಅವರ ಹತ್ತಿರ ಕೂತು ಒಂದು ಗಂಟೆ ಮಾತಾಡಿ. ಅವರಿಗಿಂತ ಮುಂಚೆ ಯಾರಿದ್ದರು, ಅವರಿಗಿಂತ ಮುಂಚೆ ಯಾರು, ಕೇಳಿ ಹೆಸರು ಬರೆದುಕೊಳ್ಳಿ. ಪಹಣಿಯಲ್ಲಿ ಇಲ್ಲದ ಆ ಕಾಲಂ ನಾವೇ ತುಂಬಬೇಕು. ಮುಂದಿನ ಸಂಚಿಕೆಯಲ್ಲಿ ಬೊಂಬಾಯಿ-ಮಂಗಳೂರು ಹಡಗಿನ ದಾರಿಯ ಬಗ್ಗೆ ಮಾತಾಡುವ.